ಪರೀಕ್ಷಕಿಯ ಮುಖ

ಸಂತಾಪಕ್ಕೆ ಬಂದವರಿಗೆಂದು ಹಾಕಿದ್ದ ಶಾಮಿಯಾನವನ್ನು ಹಿಂದಿನ ಸಂಜೆಯೇ ಬಿಚ್ಚಿಕೊಂಡು ಹೋಗಿದ್ದರು. ಬೆಳಿಗ್ಗೆ ಕೈರೋದ ಫೈಸಲ್ ರಸ್ತೆ ಎಂದಿನಂತೆ ಎದ್ದಿತು. ಗ್ಯಾಸ್ ಮಾರುವವನು ಸಿಲಿಂಡರಿಗೆ ಪಾನಾ ಬಡಿಯುತ್ತ ಹೋದ. ಎದುರುಮನೆಯ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಕೆಳಗಿಳಿದು, ರೊಟ್ಟಿ ಹೊತ್ತು ಮೇಲೇರಿತು. ಸಿತ್ತಾನಾ ವಿಧವೆಯರು ಸುತ್ತಿಕೊಳ್ಳುವ ಬಿಳಿ ಥೋಬಿನ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚಹಾಕ್ಕೆ ಹಾಲಿಟ್ಟಳು. ಗಂಡ ಮುಜಮ್ಮಿಲ್ ಎದೆನೋವೆಂದು ಕುಳಿತವನು ಮತ್ತೆ ಏಳದೆ ಹೋದ ಗಳಿಗೆಯಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಬಂದ ಹೆಂಗಸರೆಲ್ಲ ಅದನ್ನು ಗಮನಿಸಿ, ಅವಳಿಗೂ ಕೇಳಿಸುವ ಹಾಗೆ ಒಬ್ಬರಿಗೊಬ್ಬರು ಹೇಳಿಕೊಂಡು ಹೋಗಿದ್ದರು.

ಯಾರೋ ಬಾಗಿಲು ತಟ್ಟಿದರು. ತೆಗೆದರೆ ವಿಸಾಲ್, ಮುಜಮ್ಮಿಲ್‌ನ ವಿದ್ಯಾರ್ಥಿನಿ. ಯುದ್ಧಕ್ಕೆ ಸಿಕ್ಕ ಖಾರ್ತೂಮ್ ಬಿಟ್ಟು ಕೈರೋಗೆ ಬಂದ ಹುಡುಗ ಹುಡುಗಿಯರಿಗೆ ಅವನು ಈ ಮನೆಯ ಮುಂದಿನ ಕೋಣೆಯಲ್ಲಿ ಇಂಗ್ಲಿಷ್ ಪರೀಕ್ಷೆಯ ಪಾಠ ಹೇಳುತ್ತಿದ್ದ. ಆ ಪರೀಕ್ಷೆಯ ಅಂಕವಿಲ್ಲದ ಅರ್ಜಿಯನ್ನು ಹೊರದೇಶದ ವಿಶ್ವವಿದ್ಯಾಲಯಗಳು ಕಣ್ಣೆತ್ತಿಯೂ ನೋಡುವುದಿಲ್ಲ.

"ಮಣ್ಣು ಮಾಡಿ ಕೈ ಒಣಗಿಲ್ಲ, ಆಗ್ಲೇ ಪಾಠಕ್ಕೆ ಬಂದ್ಯೇನೇ?" ಒಳಗಿನಿಂದ ಅತ್ತೆ ಹಾಜ್ಜಾ ಬತೂಲ್ ಗದರಿದರು.

"ಇಲ್ಲ ಅಜ್ಜಿ... ಹೌದು ಅಜ್ಜಿ. ಶನಿವಾರ ಪರೀಕ್ಷೆ. ನಾಚ್ಕೆ ಆಗುತ್ತೆ, ಆದ್ರೂ ಬಂದೆ."

"ನಾಚ್ಕೆಪಟ್ಕೊಂಡು ಬಾಗಿಲಲ್ಲಿ ನಿಂತ್ರೆ ಒಳಗೆ ಗಾಳಿ ಬರಲ್ಲ. ಬಾ ಈಚೆ. ಏನಾದ್ರೂ ತಿಂದ್ಯಾ?"

ವಿಸಾಲ್‌ಗೆ ಐರ್ಲೆಂಡಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು, ಓದಿನ ಖರ್ಚೂ ಅವರದೇ. ಒಂದೇ ಒಂದು ಕೊಕ್ಕೆ. ಮಾತಿನ ಪರೀಕ್ಷೆಯಲ್ಲಿ ಒಂಬತ್ತಕ್ಕೆ ಆರೂವರೆ ಬರಬೇಕು. ಎರಡು ಸಲ ಕುಳಿತಿದ್ದಳು, ಎರಡು ಸಲವೂ ಐದೂವರೆ. ಬರೆಯುವುದರಲ್ಲಿ, ಓದುವುದರಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಈ ಸಲವೂ ಮಾತಿನಲ್ಲಿ ಬಿದ್ದರೆ ಸೀಟು ಬೇರೆಯವರ ಪಾಲು.

"ಮನೇಲಿ ಸರ್ ಮುಂದೆ ಚೆನ್ನಾಗೇ ಮಾತಾಡ್ತೀನಿ ಅಕ್ಕ. ಅಲ್ಲಿ ಹೋದ್ರೆ ನಾಲಿಗೆ ಒಣಗಿಹೋಗುತ್ತೆ. ಯಾಕೋ ಗೊತ್ತಿಲ್ಲ."

ಸಿತ್ತಾನಾಗೆ ಗೊತ್ತಿತ್ತು. ಅವಳೂ ಖಾರ್ತೂಮಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಈರುಳ್ಳಿ ಹೆಚ್ಚುತ್ತ ಅಡುಗೆಮನೆಯಿಂದ ಆ ಪಾಠಗಳನ್ನೆಲ್ಲ ಕೇಳಿಸಿಕೊಂಡಿದ್ದಳು. ಮುಜಮ್ಮಿಲ್ ಪರೀಕ್ಷಕನ ವೇಷ ಹಾಕಿದರೂ ಪರೀಕ್ಷಕನಾಗುತ್ತಿರಲಿಲ್ಲ. ಗಂಭೀರವಾಗಿ ಕಾಣಲೆಂದು ಕೆಳಗಿನ ಔಷಧಿ ಅಂಗಡಿಯ ಡಾಕ್ಟರ್ ನಸೀಫರ ಕೋಟನ್ನು ಎರವಲು ತಂದು ತೊಟ್ಟುಕೊಳ್ಳುತ್ತಿದ್ದ. ಆದರೆ ಮಕ್ಕಳು ಬಾಯಿ ಬಿಡುವ ಮೊದಲೇ ತಲೆಯಾಡಿಸುತ್ತಿದ್ದ, ಭೇಷ್ ಎನ್ನುತ್ತಿದ್ದ, ಅವರು ತಡವರಿಸಿದ ಪದವನ್ನು ತಾನೇ ಬಾಯಿಗೆ ಹಾಕುತ್ತಿದ್ದ. ಮಕ್ಕಳು ಅವನ ಮುಖವನ್ನು ಊರುಗೋಲು ಮಾಡಿಕೊಂಡು ನಡೆಯುತ್ತಿದ್ದರು. ಇದನ್ನು ಅವನಿಗೆ ಹೇಳಬೇಕೆಂದುಕೊಂಡಿದ್ದಳು, ಹೇಳಿರಲಿಲ್ಲ.

"ಕೂತ್ಕೋ," ಎಂದಳು. ತಾನು ಮೇಜಿನ ಆಚೆ ಕುಳಿತಳು. "ಹೇಗಿದ್ದೀಯಾ ಅಂತ ಕೇಳ್ತೀನಿ. ಇಂಗ್ಲಿಷಲ್ಲಿ ಉತ್ತರ ಹೇಳು."

ವಿಸಾಲ್ ತಾನು ಚೆನ್ನಾಗಿದ್ದೇನೆಂದಳು. ದೇವರ ದಯೆ ಎಂದಳು. ನೀವು ಹೇಗಿದ್ದೀರಿ, ನಿಮ್ಮ ತಾಯಿಯವರ ಆರೋಗ್ಯ ಹೇಗಿದೆ, ಮಕ್ಕಳು ಕ್ಷೇಮವೇ, ನಿದ್ದೆ ಸರಿಯಾಗಿ ಬಂತೇ ಎಂದು ಒಂದೇ ಉಸಿರಿಗೆ ವಿಚಾರಿಸಿದಳು.

"ಅಲ್ಲೂ ಹೀಗೇ ಕೇಳಿದ್ಯಾ?"

"ಕೇಳ್ದೆ ಇರಕ್ಕಾಗುತ್ತಾ ಅಕ್ಕ? ಗುರುತಿಲ್ಲದ ಮನುಷ್ಯ, ದೂರದಿಂದ ಬಂದಿದಾನೆ."

ಹಾಜ್ಜಾ ಬತೂಲ್ ಚಹಾದ ಲೋಟಗಳನ್ನಿಟ್ಟು, "ಸರಿಯಾಗೇ ಮಾಡಿದಾಳೆ ಹುಡುಗಿ. ಅಷ್ಟೂ ಕೇಳದವರ ಮಗಳೇ ಇವಳು?" ಎಂದರು.

"ಅತ್ತೆ, ಅವರ ಅಮ್ಮನ ಆರೋಗ್ಯಕ್ಕೆ ಅಂಕ ಇಲ್ಲ," ಎಂದಳು ಸಿತ್ತಾನಾ.

ಪರೀಕ್ಷೆಯ ಮುಖ್ಯ ಭಾಗ ಎರಡು ನಿಮಿಷದ ಮಾತು. ಚೀಟಿಯಲ್ಲಿ ಒಂದು ವಿಷಯ ಕೊಡುತ್ತಾರೆ, ಆಮೇಲೆ ಪರೀಕ್ಷಕ ಹಾಂ ಹೂಂ ಎನ್ನುವುದಿಲ್ಲ. ವಿಸಾಲ್ ಹಳೆಯ ಚೀಟಿಗಳ ಕಟ್ಟಿನಿಂದ ಒಂದನ್ನು ಎಳೆದಳು. ನೀವು ಮಾಡಿದ ಪ್ರಯಾಣ. ನಾಲ್ಕು ವಾಕ್ಯ ಹೇಳಿ ಸಿತ್ತಾನಾಳ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಸಾವಿನ ಮನೆಯ ಹೆಂಗಸರು ನೋಡಿ ಗುಸುಗುಸು ಎಂದ ಅದೇ ಮುಖ. ಹುಡುಗಿಯ ಮಾತು ಅಲ್ಲಿಗೇ ಕಟ್ಟಾಯಿತು.

"ಅಕ್ಕ, ಸ್ವಲ್ಪ ತಲೆನಾದ್ರೂ ಆಡ್ಸಿ."

ಸಿತ್ತಾನಾ ಆಡಿಸಲಿಲ್ಲ.

"ಗೋಡೆ ಜೊತೆ ಮಾತಾಡ್ದಂಗಾಗುತ್ತೆ!"

"ಅಲ್ಲಿ ಕೂತಿರೋದೂ ಗೋಡೇನೇ. ಮೊದಲಿಂದ ಶುರು ಮಾಡು."

ಆ ದಿನ ವಿಸಾಲ್ ಅತ್ತು ಎದ್ದುಹೋದಳು. ಮರುದಿನ ಬೆಳಿಗ್ಗೆ ತಾನಾಗಿ ಬಂದಳು. ಅದರ ಮರುದಿನ ಬಂದವಳು ಸಿತ್ತಾನಾಳ ಭುಜದಾಚೆಯ ಕಿಟಕಿ ನೋಡಿಕೊಂಡು ಮಾತಾಡಿದಳು. ಆಮೇಲೆ ನೇರವಾಗಿ ಕಣ್ಣನ್ನೇ ನೋಡುತ್ತ ಮಾತಾಡಿದಳು. ಸಿತ್ತಾನಾ ಮುಖ ಬಿಗಿಹಿಡಿಯಬೇಕಾಗಿರಲಿಲ್ಲ. ಅದು ತಾನೇ ಹಾಗಿತ್ತು. ಇಷ್ಟು ದಿನ ಎಲ್ಲರೂ ಕಣ್ಣು ತಪ್ಪಿಸುತ್ತಿದ್ದ ಮುಖವನ್ನು ಈ ಹುಡುಗಿಯೊಬ್ಬಳು ಎದುರಿಸುತ್ತಿದ್ದಳು.

ಶುಕ್ರವಾರ ಬಂದ ಚೀಟಿ ಹೀಗಿತ್ತು: ಅತಿಯಾಗಿ ಮಾತಾಡುವ ಒಬ್ಬ ವ್ಯಕ್ತಿ.

ವಿಸಾಲ್ ಚೀಟಿಯನ್ನು ಮತ್ತೆ ಕಟ್ಟಿನಲ್ಲಿ ಸೇರಿಸಲು ನೋಡಿದಳು. "ಬೇರೆ ತಗೊಳ್ಲಾ ಅಕ್ಕ?"

"ಅಲ್ಲಿ ಬದಲಾಯಿಸಕ್ಕೆ ಬಿಡಲ್ಲ."

ಹುಡುಗಿ ಗಂಟಲು ಸರಿಮಾಡಿಕೊಂಡಳು. ನನಗೊಬ್ಬರು ಗುರುಗಳಿದ್ದರು, ಅವರ ಹೆಸರು ಮುಜಮ್ಮಿಲ್, ಎಂದು ಶುರುಮಾಡಿದಳು. ಅವರು ನನ್ನ ವಾಕ್ಯಗಳನ್ನು ನನಗಿಂತ ಮೊದಲೇ ಮುಗಿಸುತ್ತಿದ್ದರು. ರೊಟ್ಟಿಯ ಬಗ್ಗೆ ಮಾತಾಡು ಎಂದು ಹೇಳಿ ತಾವೇ ರೊಟ್ಟಿಯ ಬಗ್ಗೆ ಮಾತಾಡುತ್ತಿದ್ದರು. ನೈಲ್ ನದಿಯ ಬಗ್ಗೆ, ತಮ್ಮ ತಂದೆಯ ಕತ್ತೆಯ ಬಗ್ಗೆ, ಹೆಂಡತಿ ಮಾಡುವ ಬೆಂಡೆಕಾಯಿ ಸಾರು ಬಾಮಿಯಾದ ಬಗ್ಗೆ. ಬಾಮಿಯಾ ಉಪ್ಪಾಗಿತ್ತು, ಆದರೆ ಅವಳಿಗೆ ಹೇಳಬೇಡಿ ಎನ್ನುತ್ತಿದ್ದರು. ಅವರು ಮಾತು ನಿಲ್ಲಿಸಿದ ಮೇಲೆ ಕಟ್ಟಡವೆಲ್ಲ ಕಿವಿ ಮುಚ್ಚಿಕೊಂಡ ಹಾಗಿದೆ.

ಎರಡು ನಿಮಿಷಕ್ಕೆಂದು ಇಟ್ಟಿದ್ದ ಫೋನಿನ ಗಂಟೆ ಹೊಡೆಯಿತು. ಪರೀಕ್ಷಕಿ ಅಲ್ಲಿಗೆ ಥ್ಯಾಂಕ್ಯೂ ಎಂದು ತಡೆಯಬೇಕು. ಸಿತ್ತಾನಾ ಗಂಟೆಯನ್ನು ನಿಲ್ಲಿಸಿದಳು, ಹುಡುಗಿಯನ್ನು ತಡೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ, ಒಂದಕ್ಷರ ಇಂಗ್ಲಿಷ್ ಬಾರದ ಹಾಜ್ಜಾ ಬತೂಲ್ ಮಗನ ಹೆಸರು ಕೇಳಿಸಿತೆಂದು ಬಂದು ನಿಂತಿದ್ದರು.

ಶನಿವಾರ ಮಧ್ಯಾಹ್ನ ವಿಸಾಲ್ ಮೆಟ್ಟಿಲು ಹತ್ತಿ ಬಂದ ಸದ್ದಿಗೇ ಹಾಜ್ಜಾ ಬಾಗಿಲು ತೆಗೆದಿದ್ದರು.

"ಹಾಳಾದೋನು ನಗ್ತಾನೇ ಇದ್ದ ಅಕ್ಕ! ದಪ್ಪ ಮನುಷ್ಯ, ಬಾಯಿ ತುಂಬ ನಗು, ತಲೆ ಆಡ್ಸಿದ್ದೇ ಆಡ್ಸಿದ್ದು. ನಂಗೆ ಭಯ ಆಗೋಯ್ತು. ಆಮೇಲೆ ನಿಮ್ಮ ಮುಖ ನೆನೆಸ್ಕೊಂಡೆ, ಮಾತು ಬಂತು."

"ಅವರ ಅಮ್ಮನ್ನ ವಿಚಾರಿಸ್ದ್ಯಾ?" ಎಂದರು ಹಾಜ್ಜಾ.

"ಹೊರಡೋವಾಗ ಒಂದೇ ಒಂದು ಸಲ ಕೇಳ್ದೆ ಅಜ್ಜಿ. ಚೆನ್ನಾಗಿದಾರಂತೆ."

ಅಂಕ ಬಂದ ದಿನ ಅವಳು ಫೋನು ಹಿಡಿದು ಓಡಿಬಂದಳು. ಮಾತಿನಲ್ಲಿ ಏಳು. ಹಾಜ್ಜಾ ಹಾಕಿದ ಕೇಕೆಗೆ ಮೇಲಿನ ಮಹಡಿಯವರೂ ಇಣುಕಿದರು. ಸಾವಿನ ಮನೆಯಲ್ಲಿ ಇದೇನು ಎಂದವರಿಗೆ, "ನನ್ನ ಮಗನ ಪಾಠ ಇದು, ಮುಚ್ಕೊಂಡ್ ಹೋಗ್ರೇ," ಎಂದು ಅವರೇ ಜವಾಬು ಕೊಟ್ಟರು. ವಿಸಾಲ್ ತನ್ನ ಹಿಂದೆ ನಿಂತಿದ್ದ ಇಬ್ಬರು ಗೆಳತಿಯರನ್ನು ಮುಂದೆ ತಳ್ಳಿದಳು. ಅವರೂ ಅರ್ಜಿ ಹಾಕಿದವರು, ಅವರೂ ಮಾತಿನಲ್ಲಿ ಬಿದ್ದವರು.

"ನಾಳೆ ಬನ್ನಿ," ಎಂದಳು ಸಿತ್ತಾನಾ. ಹೇಳಿದ ಮೇಲೆ, ಆ ಮಾತು ಹೊರಗೆ ಬಂದುಬಿಟ್ಟಿದೆ ಎಂದು ಅವಳಿಗೆ ತಿಳಿಯಿತು.

"ಇನ್ನು ಆ ಕೋಟು ನೀನೇ ಹಾಕ್ಕೋ," ಎಂದರು ಹಾಜ್ಜಾ.

"ನಂಗ್ಯಾಕೆ ಅತ್ತೆ ಕೋಟು? ಕೊಟ್ಟು ಬರ್ತೀನಿ."

ವಿಧವೆ ಮನೆಯಲ್ಲೇ ಇರಬೇಕಾದ ಇದ್ದತ್‌ನ ದಿನಗಳು ಮುಗಿದಿರಲಿಲ್ಲ. ಹಾಜ್ಜಾ ಕಿಟಕಿಯಾಚೆ ನೋಡಿದರು. "ಹೊತ್ತು ಮುಳುಗೋಕೆ ಮುಂಚೆ ಬಾ," ಎಂದರು.

ಔಷಧಿ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಬಿಳಿ ಥೋಬಿನಲ್ಲಿ ಅವಳನ್ನು ಕಂಡು ಡಾಕ್ಟರ್ ನಸೀಫ್ ಎದ್ದು ನಿಂತರು.

"ಅಯ್ಯೋ, ಇದಕ್ಕೋಸ್ಕರ ಇಳಿದು ಬಂದ್ರಾ? ಇರ್ಲಿ ಬಿಡಿ ಮೇಡಂ, ಮನೇಲೇ ಇರ್ಲಿ."

"ಬೇಡ ಡಾಕ್ಟ್ರೇ. ಪಾಠ ಈಗ ನಾನು ಹೇಳ್ತಿದ್ದೀನಿ. ಕೋಟಿಲ್ಲದೇನೇ ಹೆದರ್ತಾರೆ."

ನಗಬಹುದೋ ಬಾರದೋ ತಿಳಿಯದೆ ನಸೀಫ್ ಕೋಟನ್ನು ತೆಗೆದುಕೊಂಡು, ಏನು ಮಾಡಬೇಕೆಂದು ತೋಚದೆ ಅಂಗಿಯ ಮೇಲೆಯೇ ತೊಟ್ಟುಕೊಂಡರು.

"ನಿಮಗೆ ಸರಿಯಾಗಿದೆ," ಎಂದಳು ಸಿತ್ತಾನಾ. "ಅವರಿಗೆ ತೋಳು ಉದ್ದ ಆಗ್ತಿತ್ತು. ಮಾತಾಡೋವಾಗ ಕೈ ಬೀಸೋರಲ್ಲ, ತೋಳು ಚಹಾದಲ್ಲಿ ಅದ್ದಿಹೋಗೋದು. ಒಗೆದಿದ್ದೀನಿ. ಕಲೆ ಪೂರ್ತಿ ಹೋಗಿಲ್ಲ."

ನಸೀಫ್ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕುರ್ಚಿಯೊಂದನ್ನು ಎಳೆದು ಅವಳತ್ತ ತಳ್ಳಿದರು.