ಟ್ಯಾಗಿನ ಮೇಲಿನ ಹೆಸರು

ಕಲಾಳ ಮಗಳಿಗೆ ಹನ್ನೊಂದು ತಿಂಗಳು ತುಂಬಿದರೂ ಹೆಸರಿರಲಿಲ್ಲ. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರೇ ಆಗಬೇಕು ಎಂದು ಅತ್ತೆ ಅಂಜನಮ್ಮ ಪಟ್ಟು ಹಿಡಿದಿದ್ದರು. ಕಲಾ ಒಪ್ಪಿರಲಿಲ್ಲ. ತೊಟ್ಟಿಲ ಶಾಸ್ತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

ಹೊಸಹಳ್ಳಿಯ ಆ ಮನೆಯಲ್ಲಿ ಸೊಸೆ ಅತ್ತೆಯ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಲಾ ಕಾರ್ಡು ತೋರಿಸುತ್ತಿದ್ದಳೇ ಹೊರತು ಹೇಳುತ್ತಿರಲಿಲ್ಲ. ಮಗುವಿಗೂ ಅದೇ ಹೆಸರಾದರೆ, ಹೆತ್ತ ಮಗಳನ್ನು ಹೆಸರು ಹಿಡಿದು ಕರೆಯುವ ಹಾಗೇ ಇರಲಿಲ್ಲ.

'ಪಾಪು ಅಂತ್ಲೇ ಕರಿ, ಏನೀಗ?' ಎಂದಿದ್ದ ಗಂಡ ಮಹದೇವ್.

ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕಲಾಗೆ ಪ್ಯಾಕಿಂಗ್ ಕೆಲಸ. ಯುರೋಪಿಗೆ ಹೋಗುವ ಟಾಪುಗಳ ಒಂದೊಂದು ಮಾದರಿಗೂ ಒಂದೊಂದು ಹೆಣ್ಣಿನ ಹೆಸರು. ಅದು ಟಾಪಿಗೆ ನೇತುಹಾಕುವ ಟ್ಯಾಗಿನ ಮೇಲೆ ಅಚ್ಚಾಗಿರುತ್ತಿತ್ತು. ಹರಿದ, ಮಡಿಕೆ ಬಿದ್ದ ಟ್ಯಾಗುಗಳನ್ನು ಅವಳು ಕಸದ ಬುಟ್ಟಿಯಿಂದ ಆಯ್ದುಕೊಂಡು, ಮೊಬೈಲಿನಲ್ಲಿ ಅರ್ಥ ಹುಡುಕಿ, ಹಿಂದೆ ಪೆನ್ನಿನಲ್ಲಿ ಬರೆದು ಊಟದ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಸ್ಟೆಲ್ಲಾ, ನಕ್ಷತ್ರ. ಲೂಸಿಯಾ, ಬೆಳಕು. ಸಿಲ್ವಿಯಾ, ಕಾಡಿನವಳು. ಎಲ್ಲವೂ ಲ್ಯಾಟಿನ್. ಅದು ಯಾವ ಊರಿನ ಭಾಷೆಯೋ ಅವಳಿಗೆ ಗೊತ್ತಿರಲಿಲ್ಲ. ಆ ಹೆಸರುಗಳಲ್ಲಿ ಯಾವುದೂ ಅತ್ತೆಯದಲ್ಲ, ಅಷ್ಟು ಸಾಕಾಗಿತ್ತು.

'ಕಾಡಿನವಳಾ? ಯಾಕೆ, ಹೊಸಹಳ್ಳೀಲಿ ಮನೆ ಇಲ್ವಾ ನಮ್ಗೆ?' ಎಂದರು ಅಂಜನಮ್ಮ.

ಹದಿನಾರು ಹೆಸರು ಹೀಗೇ ಬಿದ್ದುಹೋದವು. ಹದಿನೇಳನೆಯದು ವೇರಾ.

'ನಿಜ ಅಂತ ಅರ್ಥ, ಅತ್ತೆ. ಜೋಯಿಸ್ರು ಹೇಳಿದ್ದೂ ವೇ ಅಕ್ಷರಾನೇ.'

ಅಂಜನಮ್ಮ ಎಲೆಅಡಿಕೆ ಜಗಿಯುತ್ತ ಹೆಸರನ್ನು ಒಮ್ಮೆ ಹೇಳಿ ನೋಡಿದರು. 'ವೇರಮ್ಮ. ಕರೆಯಕ್ಕೇನೋ ಬರುತ್ತೆ. ಇಟ್ಕೋ ಹೋಗು.'

ಭಾನುವಾರ ಶಾಸ್ತ್ರವೆಂದು ನಿಶ್ಚಯವಾಯಿತು. ವೇರಾ ಟ್ಯಾಗಿನ ಮೇಲೆ ಸಾರಿನ ಕಲೆಯಿತ್ತು. ತೊಟ್ಟಿಲಿಗೆ ಕಟ್ಟಲು ಹೊಸದೊಂದಿರಲಿ ಎಂದು ಕಲಾ ಶನಿವಾರ ಒಂದು ಟಾಪಿನಿಂದ ಟ್ಯಾಗು ಬಿಚ್ಚಿಕೊಂಡಳು. ಒಳ್ಳೆಯ ಟ್ಯಾಗುಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ಲೆಕ್ಕ ಕೇಳುತ್ತಾರೆಂಬುದು ಆರು ವರ್ಷ ಅಲ್ಲೇ ದುಡಿದವಳಿಗೆ ಗೊತ್ತಿಲ್ಲದ್ದೇನಲ್ಲ. ಒಂದು ತಾನೇ ಅಂದುಕೊಂಡಳು. ಸಂಜೆ ಒಂದು ಕಡಿಮೆ ಬಂತು. ಗೇಟಿನಲ್ಲಿ ಎಲ್ಲರ ಬ್ಯಾಗನ್ನೂ ಬಿಚ್ಚಿಸಿದರು.

'ಏನಮ್ಮಾ ಇದು, ಅಂಗಡಿ ಇಡ್ತೀಯಾ?' ಎಂದ ಸೆಕ್ಯುರಿಟಿ ದೇವೇಂದ್ರಪ್ಪ, ಟ್ಯಾಗುಗಳನ್ನು ಮೇಜಿನ ಮೇಲೆ ಸುರಿದು.

'ಮಗೂಗೆ ಹೆಸರಿಡೋಕೆ, ಅಣ್ಣ.'

ಸಾಲಿನಲ್ಲಿದ್ದವರು ನಕ್ಕರು. ದೇವೇಂದ್ರಪ್ಪನೂ ನಕ್ಕ. ಸೂಪರ್‌ವೈಸರ್ ನಗಲಿಲ್ಲ. ನಕಲಿ ಮಾಲಿಗೆ ಟ್ಯಾಗು ಮಾರುವವರ ಕಥೆ ಹೇಳಿದ, ಹದಿನೆಂಟನ್ನೂ ತೆಗೆದಿಟ್ಟುಕೊಂಡ, ಸೋಮವಾರದಿಂದ ಬರಬೇಡ ಎಂದ.

ಪಕ್ಕದ ಮನೆಯ ಕೀರ್ತನಾ ಅದೇ ಸಾಲಿನಲ್ಲಿದ್ದಳು. ಕಲಾಗಿಂತ ಮೊದಲೇ ಸುದ್ದಿ ಮನೆ ಸೇರಿತ್ತು.

'ಕೆಲ್ಸ ಹೋದ್ರೆ ಇನ್ನೊಂದು ಸಿಗುತ್ತೆ ಕಣೇ,' ಎಂದರು ಅಂಜನಮ್ಮ. 'ಕದ್ದ ಹೆಸರು ಮಗೂಗೆ ಬೇಡ.'

'ಹೆಸರು ಕದೀಲಿಲ್ಲ ಅತ್ತೆ. ಟ್ಯಾಗು.'

'ಬೀದಿಯೋರು ಹಂಗೆ ಬಿಡಿಸ್ಕೊಂಡು ಮಾತಾಡ್ತಾರಾ?'

ಮಹದೇವ್ ಬಾಡಿಗೆ ಪಾತ್ರೆ ತರಲು ಹೊರಟುಹೋದ.

ಭಾನುವಾರ ನಾದಿನಿ ಚೇತನಾ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಅಂಜನಾ ಎಂದಳು. ಬಂದ ಹೆಂಗಸರು ಕಲಾಳನ್ನು ಮುಂದಕ್ಕೆ ತಳ್ಳಿದರು. 'ನೀನೂ ಒಂದ್ಸಲ ಕರಿಯೇ, ನೋಡಾಣ!'

'ಪಾಪೂ,' ಎಂದಳು ಕಲಾ. ಎಲ್ಲರೂ ನಕ್ಕರು.

ಹೋದದ್ದು ಆರು ವರ್ಷದ ಕೆಲಸ, ಹದಿನೆಂಟು ಟ್ಯಾಗು, ಒಂದು ಹೆಸರು.