ಡೊರೀನಳ ಪಾವಟಿಗೆ

ಬಾಗಿಲ ಮುಂದಿನ ಒಂಟಿ ಪಾವಟಿಗೆಯನ್ನು ಹರ್ಷದಾ ಮಂಡಿಯೂರಿ ತಿಕ್ಕುತ್ತಿದ್ದಳು. ಬಕೆಟ್ಟಿನ ನೀರು ಆಗಲೇ ಎರಡು ಸಲ ಕಪ್ಪಾಗಿತ್ತು. ಸೋದರತ್ತೆ ಕೃಷ್ಣಾಬಾಯಿ ಬಂದು ತಲೆಯ ಮೇಲೇ ನಿಂತಳು.

“ಸತ್ತ ಮನೀ ಮುಂದ ರಂಗೋಲಿ ಹಾಕ್ತಾರೇನ?”

“ರಂಗೋಲಿ ಅಲ್ಲ ಅತ್ಯಾ. ಹೊಲಸು ಪಾವಟಿಗಿ ಮ್ಯಾಲಿಂದ ನನ್ನ ಒಯ್ಯಬ್ಯಾಡ್ರಿ ಅಂತ ಅಮ್ಮ ಹೇಳಿದ್ಲು. ಬಾಯಿಬಿಟ್ಟು ಕೇಳಿದ್ದು ಇದೊಂದೇ.”

“ಅಕೀಗೇನು, ಕೇಳ್ತಾಳ! ಒಳಗ ಹೆಣ, ಹೊರಗ ಮಂದಿ, ನಡುವ ನೀ ಕೆಲಸದಾಕಿ ಹಂಗ!”

ಒಳಗೆ ಶಹಾಬಾದಿ ಫರಸಿಯ ಮೇಲೆ ಡೊರೀನ್ ಮಲಗಿದ್ದಳು. ಇಂಗ್ಲೆಂಡಿನ ಓಲ್ಡ್‌ಹ್ಯಾಮಿನ ಗಿರಣಿ ಕೆಲಸದವಳ ಮಗಳು, ಧಾರವಾಡದ ಏಕನಾಥನ ಹೆಂಡತಿ. ಪುಣೆಯ ಈ ಮನೆಯಲ್ಲಿ ನಲವತ್ತೆರಡು ವರ್ಷ ಬಾಳಿದವಳು. ಕೃಷ್ಣಾಬಾಯಿಯೇ ಉಡಿಸಿದ ಹಸಿರು ಸೀರೆ, ರೂಪಾಯಿಯಗಲದ ಕುಂಕುಮ. ಬದುಕಿದ್ದಾಗ ಒಂದು ದಿನವೂ ಹೂ ಮುಡಿಸಿದವಳಲ್ಲ ಈ ನಾದಿನಿ. ಈಗ ಎದುರುಮನೆಯ ಅಂಬಾಬಾಯಿಯ ಕೈಹಿಡಿದು, “ನಮ್ಮ ವೈನಿ ಅಂದ್ರ ರಾಣೀ ಊರಿನಾಕಿ ಇದ್ಲುರೀ!” ಎಂದು ಅಳುತ್ತಿದ್ದಳು.

* * *

ಲಗ್ನವಾಗಿ ಬಂದ ವಾರ ಧಾರವಾಡದಲ್ಲಿ ಡೊರೀನ್ ಟ್ರಂಕು ತೆರೆದಾಗ ಬಳಗವೆಲ್ಲ ಸುತ್ತ ಕೂತಿತ್ತು. ಚೀನಿ ಕಪ್ಪುಬಸಿ ಬಂದೀತು, ಸೆಂಟು ಬಂದೀತು, ಹೋಗಲಿ, ಒಂದು ಕೈಗಡಿಯಾರ. ಬಂದದ್ದು ಎರಡು ಫ್ರಾಕು, ಒಂದು ಉಣ್ಣೆ ಕೋಟು, ಪೇಪರಿನಲ್ಲಿ ಸುತ್ತಿದ ಒಂದು ಡಜನ್ ಕಲ್ಲು. ಸಾಬೂನಿನ ಬಿಲ್ಲೆಯಷ್ಟಷ್ಟೇ ದೊಡ್ಡವು.

“ವಿಲಾಯತಿಯಿಂದ ಕಲ್ಲು ಹೊತ್ಕೊಂಡು ಬಂದಾಳ!” ಕೃಷ್ಣಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನಮ್ಮ ದೇಶದಾಗ ಕಲ್ಲಿನ ಬರ ಅದ ಅಂತ ಯಾರು ಹೇಳಿದ್ರು ಈಕೀಗೆ?”

ಆ ಮಾತು ಮುಂದೆ ಎಲ್ಲ ಮದುವೆ ಮುಂಜಿವೆಗಳಲ್ಲೂ ಊಟದ ಪಂಕ್ತಿ ಸುತ್ತಿತು.

ಪುಣೆಯಲ್ಲಿ ಪ್ರತಿ ಶುಕ್ರವಾರ ಡೊರೀನ್ ಪಾವಟಿಗೆ ತೊಳೆದು, ಸೀಮೆಸುಣ್ಣದಂತೆ ಬಿಳುಪು ಬಿಡುವ ಆ ಕಲ್ಲು ನೆನೆಸಿ, ಅಂಚಿಗೆ ಬೆಳ್ಳನೆಯ ಪಟ್ಟಿ ಎಳೆಯುತ್ತಿದ್ದಳು. ಅವಳೂರಿನ ಓಣಿಯಲ್ಲಿ ಎಲ್ಲ ಹೆಂಗಸರೂ ಮಾಡುತ್ತಿದ್ದ ಕೆಲಸ ಅದು. ಅಕ್ಕಪಕ್ಕ ಮಕ್ಕಳಿಬ್ಬರು, ಹರ್ಷದಾ ಮತ್ತು ಓಂಕಾರ್. ಪಿಯಾನೋ ಇಲ್ಲ, ಬಂಗಲೆಯ ಕತೆಯಿಲ್ಲ. ತನ್ನ ಊರಿನದೆಂದು ಮಕ್ಕಳಿಗೆ ಕೊಡಲು ಅವಳ ಹತ್ತಿರ ಇದ್ದದ್ದು ಇಷ್ಟೇ.

“ಮಂದಿ ತುಳೀತಾರಲ್ಲ, ಅಮ್ಮಾ?”

“ತುಳೀಲಿ. ತುಳೀಲಿಕ್ಕೇ ತಿಕ್ಕೋದು. ದಾಟಿ ಹೋದ್ರ ನಂಗ ಸಿಟ್ಟು ಬರ್ತದ.”

ದಾಟಿ ಹೋಗುತ್ತಿದ್ದವಳು ಒಬ್ಬಳೇ. ಧಾರವಾಡದಿಂದ ಬಂದಾಗಲೆಲ್ಲ ಕೃಷ್ಣಾಬಾಯಿ ನಿರಿಗೆ ಎತ್ತಿ, ಕಾಲು ಚಾಚಿ, ಪಟ್ಟಿ ಸೋಕದಂತೆ ಒಳಗೆ ಬರುತ್ತಿದ್ದಳು. “ಗಿರಣಿ ಕೂಲಿಯವರ ಕಲ್ಲು. ನಾ ಕಾಲು ಸೈತ ಇಡೂದಿಲ್ಲ.”

* * *

“ಕೃಷ್ಣಾ, ತಿಕ್ಕಲಿ ಬಿಡು,” ಎಂದ ಹೆಣದ ಪಕ್ಕ ಕೂತಿದ್ದ ಏಕನಾಥ.

ಹನ್ನೆರಡರಲ್ಲಿ ಉಳಿದಿದ್ದ ಕೊನೆಯ ಕಲ್ಲು ಹುಣಸೆಬೀಜದಷ್ಟಾಗಿತ್ತು. ಹರ್ಷದಾ ಪಟ್ಟಿ ಎಳೆದಳು. ಓಂಕಾರ್ ಮುಂದಾಗಿ ನಾಲ್ವರು ಹೆಗಲು ಕೊಟ್ಟು ಬರಿಗಾಲಲ್ಲಿ ಅದನ್ನು ತುಳಿದುಕೊಂಡೇ ಹೋದರು. ಹೆಣದ ಗಾಡಿ ಗೇಟು ದಾಟುವವರೆಗೆ ನಿಂತಿದ್ದು, ಆಮೇಲೆ ಅವಳು ಮತ್ತೆ ಕೂತು ಪಟ್ಟಿ ಅಳಿಸಿಹೋದಲ್ಲೆಲ್ಲ ತೀಡಿದಳು. ಬೆರಳ ನಡುವೆ ಕಲ್ಲು ಮುಗಿದುಹೋಯಿತು.

ಒಳಗೆ ಕೃಷ್ಣಾಬಾಯಿ ಹೆಣ ಮಲಗಿಸಿದ್ದ ಜಾಗ ತೊಳೆಸಿ, ದೀಪ ಹಚ್ಚಿ, ಅದರ ಬುಡಕ್ಕೆ ಹಿಟ್ಟು ಹರವಿ, ಮೇಲೆ ಬುಟ್ಟಿ ಮುಚ್ಚಿದಳು.

“ನಾಳೆ ನೋಡ್ರಿ, ಹಿಟ್ಟಿನಾಗ ಹೆಜ್ಜಿ ಮೂಡಿರ್ತದ. ಯಾವ ಜನ್ಮಕ್ಕ ಹೋದ್ಲು ತಿಳೀತದ. ಎಲ್ಲಿಗೆ ಹೋಗ್ತಾಳ? ಇಂಗ್ಲೆಂಡಿಗೇ. ಇನ್ನೊಂದು ಡಜನ್ ಕಲ್ಲು ತರಲಿಕ್ಕೆ!”

ಹೆಂಗಸರಿಬ್ಬರು ಸೆರಗಿನೊಳಗೆ ನಕ್ಕರು.

ಮನೆಯಲ್ಲಿ ಒಂದೇ ಬಚ್ಚಲು. ಕೃಷ್ಣಾಬಾಯಿ ಅಂಬಾಬಾಯಿಯ ಮನೆಯಲ್ಲಿ ಮಿಂದು, ಒದ್ದೆ ಕಾಲಲ್ಲೇ ವಾಪಸು ಬಂದಳು. ಪಟ್ಟಿ ನೋಡಿ ಮೂಗು ಮುರಿದಳು. ರೂಢಿಯಂತೆ ನಿರಿಗೆ ಎತ್ತಿ, ಚೌಕಟ್ಟು ಹಿಡಿದು, ಕಾಲು ಚಾಚಿದಳು. ಎಪ್ಪತ್ತಾರರ ಕಾಲು. ಒಳಗಿನವರೆಗೆ ನಿಲುಕಲಿಲ್ಲ. ಅಂಗಾಲು ಸರಿಯಾಗಿ ಪಟ್ಟಿಯ ಮೇಲೆ ಊರಿತು, ಹಿಂದೆಯೇ ಇನ್ನೊಂದು. ಯಾರೂ ನೋಡಲಿಲ್ಲವೆಂದುಕೊಂಡು ಅವಳು ನೆಟ್ಟಗೆ ಒಳಗೆ ನಡೆದು, ದೀಪದ ಪಕ್ಕ ಕಾಲು ಮಡಿಚಿ ಕೂತಳು.

ಕಪ್ಪು ಫರಸಿಯ ಮೇಲೆ, ಬಾಗಿಲಿನಿಂದ ಬುಟ್ಟಿಯವರೆಗೆ, ಬೆಳ್ಳನೆಯ ಹೆಜ್ಜೆಗಳು ಒಂದರ ಮುಂದೊಂದು ಮೂಡಿ ಒಣಗತೊಡಗಿದ್ದವು.

“ಯಾರೂ ಈ ಕಡೆ ಸುಳೀಬ್ಯಾಡ್ರಿ,” ಎಂದು ಕೃಷ್ಣಾಬಾಯಿ ಎಲ್ಲರನ್ನೂ ಗದರಿದಳು. “ಹೆಜ್ಜಿ ಅಳಿಸೀತು.”