ಅರ್ಧ ಇಂಚಿನ ತಗ್ಗು

ಎಡಗೈ ಕೋಟಿನ ತೋಳಿನೊಳಗೆ ಹೋಯಿತು. ಬಲಗೈ ಮಾತ್ರ ಏನು ಮಾಡಿದರೂ ಬಗ್ಗಲಿಲ್ಲ. ಕಟಿಂಗ್ ಮಾಸ್ಟರು ಹೆಣದ ಪಕ್ಕ ಮಂಡಿಯೂರಿ, ಕತ್ತರಿ ತೆಗೆದು ಕೋಟಿನ ಬೆನ್ನನ್ನು ಉದ್ದಕ್ಕೂ ಸೀಳಿಬಿಟ್ಟರು.

“ಅಯ್ಯೋ, ಹೊಸ ಕೋಟು ಮಾಸ್ಟ್ರೇ!” ಎಂದಳು ಸತ್ತವನ ಮಗಳು.

“ಹಿಂದೆ ಯಾರು ನೋಡ್ತಾರಮ್ಮ? ಷೋಕೇಸಿನ ಗೊಂಬೆಗೂ ಹೀಗೇ ಮಾಡ್ತೀವಿ.”

ಸೀಳಿದ ಎರಡು ಅಂಚುಗಳನ್ನು ಮೈಯಡಿಗೆ ಮಡಚಿ ಐದು ಪಿನ್ನು ಚುಚ್ಚಿದರು. ಅವನು ದುಡಿದ ಕೋಟಿನ ಅಂಗಡಿಯವರು ಬೆಳಿಗ್ಗೆ ಕಳಿಸಿದ್ದು, ನಲವತ್ತರ ಅಳತೆಯದು. ಒಂದು ಕಾಲಕ್ಕೆ ಆ ಅಳತೆ ಎಂದರೆ ಇವನೇ. ಕಾಯಿಲೆ ಒಂದೇ ವರ್ಷದಲ್ಲಿ ಅವನನ್ನು ಅರ್ಧ ತಿಂದುಹಾಕಿತ್ತು. ಈಗ ಮೈಗಿಂತ ಕೋಟೇ ದೊಡ್ಡದಾಗಿ, ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗಿತ್ತು.

ಹೆಂಡತಿ ಗೋಡೆಗೊರಗಿ ನೋಡುತ್ತಿದ್ದಳು. “ಮೂವತ್ತೇಳು ವರ್ಷ ಆ ಅಂಗಡಿ ಕೋಟು ಹಾಕಿ ಬಿಚ್ಚಿದ್ರು. ಒಂದೂ ಮನೆಗೆ ಬರ್ಲಿಲ್ಲ. ಇವತ್ತು ಬಂತು, ಬೆನ್ನಿಲ್ಲದೆ,” ಎಂದಳು.

*

ಅವನು ಆ ಅಂಗಡಿ ಸೇರಿದ್ದು ಬಟ್ಟೆಯ ಥಾನು ಹೊರುವುದಕ್ಕೆ. ಗಿರಾಕಿಗಳಿಗೆ ಹಿತ್ತಾಳೆ ಹಿಡಿಯ ಗಾಜಿನ ಬಾಗಿಲು. ಥಾನು ಹೊರುವವರಿಗೆ ಹಿಂಬದಿಯ ಕತ್ತಲೆ ಮೆಟ್ಟಿಲು, ಮೂರು ಮಹಡಿ. ಐದು ವರ್ಷ ಎಡ ಭುಜದ ಮೇಲೆ ಹೊತ್ತ. ಒಂದು ದಿನ ಮೆಟ್ಟಿಲಲ್ಲಿ ಎದುರಾದ ದೊಡ್ಡ ಯಜಮಾನರು, ಏನನ್ನಿಸಿತೋ, ಟೇಪು ತರಿಸಿ ಅವನನ್ನು ಅಳೆದರು. ಎದೆ ನಲವತ್ತು, ಸೊಂಟ ಮೂವತ್ತನಾಲ್ಕು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಇನ್ಮೇಲೆ ನೀನು ಹೊರಬೇಡ. ನಿಂತ್ಕೋ ಸಾಕು,” ಎಂದರು.

ನಿಂತ. ಅಂಗಡಿಯ ಪ್ರತಿ ಹೊಸ ನಮೂನೆಯನ್ನೂ ಮೊದಲು ಅವನ ಮೈಮೇಲೆ ಹಾಕಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ ಕತ್ತರಿಸುತ್ತಿದ್ದರು. ಅವನು ದಪ್ಪ ಆಗುವಂತಿಲ್ಲ, ಸಣ್ಣ ಆಗುವಂತಿಲ್ಲ. ಸೋಮವಾರ ಬಂತೆಂದರೆ ಟೇಪು. ಹೆಂಡತಿ ಎರಡನೇ ಸಲ ಬಡಿಸಲು ಬಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಮಗಳ ಮದುವೆಯ ದಿನವೂ ಹಿಡಿದ.

“ನಾನು ಅಡುಗೆ ಮಾಡೋದು ನಿಮಗೋ, ನಿಮ್ಮ ಯಜಮಾನರ ಕೋಟಿಗೋ?” ಎಂದು ಅವಳು ಸೌಟು ಕುಕ್ಕುತ್ತಿದ್ದಳು.

ಮೊದಲ ವರ್ಷದ ಇನ್ನೂರು ಕೋಟು ಮಾರಿಹೋದ ಮೇಲೆ ತಪ್ಪು ಮಾಸ್ಟರ ಕಣ್ಣಿಗೆ ಬಿತ್ತು. ಅಷ್ಟೂ ಕೋಟುಗಳ ಎಡ ಭುಜ ಅರ್ಧ ಇಂಚು ತಗ್ಗು! ಥಾನು ಹೊತ್ತೂ ಹೊತ್ತೂ ಇಳಿದಿದ್ದ ಭುಜವನ್ನು ಯಾರೂ ಗಮನಿಸಿರಲಿಲ್ಲ. ಕೊಂಡವರು ಮಾತ್ರ ದೂರಲಿಲ್ಲ. ಹಾಕಿಕೊಂಡರೆ ಏನೋ ಒಂದು ಗತ್ತು ಬರುತ್ತದೆ ಎಂದು ಇನ್ನಷ್ಟು ಜನರನ್ನು ಕರೆತಂದರು.

“ತಪ್ಪು ಅನ್ನಬೇಡ ಮಾಸ್ಟರ್, ಇದೇ ನಮ್ಮ ಕಟ್ ಅಂತ ಹೇಳು,” ಎಂದರು ದೊಡ್ಡ ಯಜಮಾನರು.

ಆ ಕಟ್‌ನಿಂದಲೇ ಅಂಗಡಿಗೆ ಹೆಸರು ಬಂತು. ಯಾರ ಭುಜ ಹೇಗಿದ್ದರೂ ಒಳಗೆ ಎರಡೂ ಕಡೆ ಹೆಚ್ಚುಕಮ್ಮಿ ಹತ್ತಿ ತುಂಬಿ ಅದೇ ಇಳಿಜಾರು ತರುವುದನ್ನು ಮಾಸ್ಟರು ಕಲಿತುಕೊಂಡರು. ಇತ್ತ ಮನೆಯಲ್ಲಿ, ನಿಂತು ನಿಂತು ಸೋತು ಬಂದವನ ಆ ತಗ್ಗಿಗೆ ಹೆಂಡತಿ ದಿನಾ ಸಂಜೆ ಎಣ್ಣೆ ತಿಕ್ಕುತ್ತಿದ್ದಳು.

ಹೋದ ತಿಂಗಳು ಅಂಗಡಿಯ ಐವತ್ತು ವರ್ಷದ ಚರಿತ್ರೆ ಪುಸ್ತಕವಾಗಿ ಮನೆಗೆ ಬಂತು. ದೊಡ್ಡ ಯಜಮಾನರು ಪರದೇಶದಲ್ಲಿ ಒಂದು ಅಮೃತಶಿಲೆಯ ವಿಗ್ರಹ ಕಂಡರಂತೆ, ಆಗ ಈ ಕಟ್ ಹೊಳೆಯಿತಂತೆ. ಎದುರು ಪುಟದ ಫೋಟೋದಲ್ಲಿ ಕೋಟು ತೊಟ್ಟು ಇವನೇ ನಿಂತಿದ್ದ. ಕುತ್ತಿಗೆಯಿಂದ ಮೇಲೆ ಕತ್ತರಿಸಿದ್ದರು.

ಅವನು ಹಾಸಿಗೆಯಲ್ಲೇ ಆ ಫೋಟೋದ ಮೇಲೆ ಬೆರಳಾಡಿಸಿದ. “ಇದು ನನ್ನ ಭುಜ ಅಂತ ನಾಲ್ಕು ಜನರ ಮುಂದೆ ಒಂದ್ಸಲ ಹೇಳಿದ್ರೆ ಸಾಕಿತ್ತು ಕಣೇ.”

ಜೀವಮಾನದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಇವತ್ತು ಬೆಳಗಾಗುತ್ತಲೇ ಅವಳು, ಈಗ ಅಂಗಡಿ ನಡೆಸುವ ದೊಡ್ಡ ಯಜಮಾನರ ಮಗನಿಗೆ ಫೋನು ಮಾಡಿ ಆ ಒಂದು ಮಾತು ಬೇಡಿದ್ದಳು. “ಖಂಡಿತ ಅಮ್ಮ, ಅದಕ್ಕೇನಂತೆ,” ಎಂದಿದ್ದರು ಚಿಕ್ಕ ಯಜಮಾನರು.

*

ಚಿಕ್ಕ ಯಜಮಾನರು ಬಂದರು. ಹಿಂದೆ ಅಂಗಡಿಯ ಎಂಟು ಜನ, ಎಲ್ಲರೂ ಕಪ್ಪು ಕೋಟಿನವರು. ಆ ಪುಟ್ಟ ಕೋಣೆಯಲ್ಲಿ ಅಕ್ಕಪಕ್ಕದವರು ಒತ್ತಿಕೊಂಡು ಜಾಗ ಬಿಟ್ಟರು. ಹೆಂಡತಿ ಗೋಡೆ ಹಿಡಿದು ಎದ್ದು ನಿಂತಳು.

ಚಿಕ್ಕ ಯಜಮಾನರು ಗಂಟಲು ಸರಿಮಾಡಿಕೊಂಡರು. “ನಮ್ಮ ತಂದೆಯವರು ಕಂಡುಹಿಡಿದ ಕಟ್ ಇಡೀ ಊರಿಗೆ ಗೊತ್ತು. ಅದನ್ನ ಇವರಷ್ಟು ಚೆನ್ನಾಗಿ ತೊಟ್ಟವರಿಲ್ಲ. ತಂದೆಯವರ ಕನಸಿಗೆ ಇವರು ಮೈ ಕೊಟ್ರು.”

ಜನ ತಲೆಯಾಡಿಸಿದರು. ಅವಳು ಕಾದಳು. ಅವರು ಕೈಮುಗಿದು ಹಿಂದೆ ಸರಿದರು.

“ಅಷ್ಟೇನಾ?” ಎಂದಳು.

ಅವರು ಹತ್ತಿರ ಬಂದು ದನಿ ತಗ್ಗಿಸಿದರು. “ಪುಸ್ತಕ ಅಚ್ಚಾಗಿ ಹೋಗಿದೆಯಮ್ಮ. ಈಗ ಬೇರೆ ಥರ ಹೇಳಿದ್ರೆ ಚೆನ್ನಾಗಿರಲ್ಲ.”

ಅವಳು ಮಾಸ್ಟರ ಕಡೆ ತಿರುಗಿದಳು. ಅವರ ಮಗ ಈಗ ಅದೇ ಅಂಗಡಿಯ ಕತ್ತರಿ ಹಿಡಿದವನು. ಮಾಸ್ಟರು ಪಿನ್ನಿನ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಉಂಡೂ ಹೋದ ಕೊಂಡೂ ಹೋದ ಅಂತಾರೆ. ಇವರು ಹೊಟ್ಟೆ ತುಂಬ ಉಣ್ಣಲೂ ಇಲ್ಲ,” ಎಂದಳು ಅವಳು.

“ಸುಮ್ನಿರಮ್ಮ,” ಎಂದಳು ಮಗಳು.

ಹೊರಗೆ ಗಾಡಿ ಬಂದು ನಿಂತಿತು. ಕಪ್ಪು ಕೋಟಿನವರು ಬಾಗಿಲ ಕಡೆ ತಿರುಗಿದರು. ಬೆಳಕಿಗೆ ಎದುರಾಗಿ ಒಂಬತ್ತು ಬೆನ್ನು, ಒಂಬತ್ತು ಎಡ ಭುಜ, ಎಲ್ಲವೂ ಅರ್ಧ ಇಂಚು ತಗ್ಗು. ಅವರಲ್ಲಿ ಒಬ್ಬರೂ ಥಾನು ಹೊತ್ತವರಲ್ಲ.

ಅವಳು ನಡೆದುಹೋಗಿ ಚಿಕ್ಕ ಯಜಮಾನರ ಎಡ ಭುಜದ ಮೇಲೆ ಅಂಗೈ ಇಟ್ಟಳು. ಪಾಪ, ಆಸರೆಗೆ ಹಿಡಿದಳು ಎಂದುಕೊಂಡು ಅವರು ಅಲುಗದೆ ನಿಂತರು. ಅಂಗೈ ತನ್ನ ಹಳೆಯ ಜಾಗವನ್ನು ತಪ್ಪದೆ ಕಂಡುಕೊಂಡಿತು. ದಿನಾ ಸಂಜೆಯ ಹಾಗೆ ಹೆಬ್ಬೆರಳು ಒತ್ತಿ ಮೂಳೆ ಹುಡುಕಿದಳು. ಹತ್ತಿ ಮೆತ್ತಗೆ ಒಳಕ್ಕೆ ಹೋಯಿತು. ಬೆರಳು ತೆಗೆದದ್ದೇ ಮೊದಲಿನ ಹಾಗೇ ಎದ್ದು ಕೂತಿತು.